ಪಾಲಣ್ಣನ ಮೂರು ಚುಕ್ಕೆ

ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದು ಎಂದು ನಮ್ಮತ್ತೆ ಮುದ್ದಕ್ಕ ಸಾಯುವವರೆಗೂ ಹೇಳುತ್ತಿದ್ದರು. ಇಪ್ಪತ್ತೆರಡು ವರ್ಷ ನಾನೂ ಹೇಳಲಿಲ್ಲ. ಆದರೆ ಹೇಳದೆ ಅವನ ಕಥೆ ಬರೆಯುವುದು ಹೇಗೆ? ಪಾಲಣ್ಣ. ಪುರವರದ ಬಸ್ ನಿಲ್ದಾಣ ದಾಟಿದರೆ ಬೇವಿನ ಮರದ ಕೆಳಗೆ ಸಿಗುವ ವೆಲ್ಡಿಂಗ್ ಅಂಗಡಿ ಅವನದು. ನಾನು ಅವನ ಹೆಂಡತಿ ಶಿವಲಕ್ಷ್ಮಿ. ಏಕವಚನದಲ್ಲಿ ಬರೆಯುತ್ತಿದ್ದಾಳೆ ಎಂದು ಯಾರಾದರೂ ಮೂಗು ಮುರಿದರೆ ಮುರಿದುಕೊಳ್ಳಲಿ. ನನಗೆ ಅವನ ಮೇಲೆ ಅಷ್ಟು ಸಿಟ್ಟಿದೆ.

ಅವನದೊಂದು ಪದ್ಧತಿ ಇತ್ತು. ಟ್ರೇಲರ್, ಎತ್ತಿನ ಗಾಡಿ, ಮಕ್ಕಳ ಉಯ್ಯಾಲೆ, ಮನುಷ್ಯರು ಕೂರುವಂಥ ಯಾವುದೇ ವಸ್ತು ಅಂಗಡಿಯಿಂದ ಹೊರಗೆ ಹೋಗುವ ಮುಂಚೆ ಅವನೇ ಮೊದಲು ಕೂತು ನೋಡಬೇಕು. ಕೂತು, ಕುಪ್ಪಳಿಸಿ, ಒಂದು ಸುತ್ತು ಹೋಗಿ ಬಂದ ಮೇಲೆ ಪಂಚ್ ತೆಗೆದು ಮೂಲೆಯಲ್ಲಿ ಮೂರು ಚುಕ್ಕೆ ಹೊಡೆಯುತ್ತಿದ್ದ. ತೂತು ಕೊರೆಯುವ ಮುಂಚೆ ಗುರುತು ಮಾಡುವ ಮೊನಚು ಕಡ್ಡಿಯೇ ಪಂಚ್. ಬೋರ್ಡಿಲ್ಲ, ಪೇಂಟಿಲ್ಲ, ಅದೇ ಅವನ ಸಹಿ. ಹಳೆ ಟ್ರೇಲರ್ ಕೊಳ್ಳುವವರು ಮಧುಗಿರಿಯಲ್ಲೂ ಕೊರಟಗೆರೆಯಲ್ಲೂ ಬಗ್ಗಿ ಆ ಚುಕ್ಕೆ ಹುಡುಕುತ್ತಿದ್ದರು. "ಪಾಲಣ್ಣ ಕೂತವ್ನೆ" ಎಂದರೆ ಮುಗಿಯಿತು, ಮತ್ತೆ ಮಾತಿಲ್ಲ. ನಮ್ಮ ಮನೆ ಕಟ್ಟುವಾಗ ಯಾರೋ ಆ ಪಂಚನ್ನು ಹೊಸ್ತಿಲ ಕಲ್ಲಿಗೆ ಬಡಿದು ಅದರ ಮೊನೆ ಒಂದು ಪಕ್ಕ ಮುರಿದುಹಾಕಿದರು. ಅಲ್ಲಿಂದ ಚುಕ್ಕೆ ಗುಂಡಗೆ ಬೀಳದೆ, ಇಲಿ ಕಡಿದ ಹಾಗೆ ಒಂದು ಕಡೆ ಕಚ್ಚಿಕೊಂಡು ಬೀಳುತ್ತಿತ್ತು. ಹೊಸದು ತರಬಾರದಾ ಎಂದರೆ, "ಇದು ಕೈಗೆ ಒಗ್ಗೈತೆ ಬುಡು" ಎನ್ನುತ್ತಿದ್ದ.

ಆ ಅಂಗಡಿಗೆ ನನ್ನ ತಮ್ಮ ಮುತ್ತುರಾಜುವನ್ನು ಸೇರಿಸಿದವಳು ನಾನೇ. ಮೂವತ್ತು ದಾಟಿದ ಗಂಡಸು, ಪಾವಗಡದಲ್ಲಿ ಎಲ್ಲೂ ಆರು ತಿಂಗಳು ನಿಲ್ಲದೆ ತಿರುಗುತ್ತಿದ್ದ. ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಎಂದರೆ ಅವನೊಬ್ಬನೇ. "ನಿನ್ ಜೊತೆ ಇಟ್ಕೋ, ಕೆಲ್ಸ ಕಲೀಲಿ" ಎಂದು ಗಂಡನ ಹಿಂದೆ ಬಿದ್ದು ಒಪ್ಪಿಸಿದೆ. ಪಾಲಣ್ಣ ಅವನಿಗೆ ಏನನ್ನೂ ಮುಚ್ಚಿಡದೆ ಕಲಿಸಿದ.

ಕೆರೆಗಳೆಲ್ಲ ತುಂಬಿ ಕೋಡಿ ಬಿದ್ದ ವರ್ಷ ನಾಗಭೂಷಣ್ ಎನ್ನುವವನು ಬಂದ. ಶಿರಾ ಕಡೆಯ ಒಂದು ಕೆರೆಯಲ್ಲಿ ಜನರನ್ನು ಸುತ್ತಾಡಿಸಲು ಗೋವಾದಿಂದ ಹಳೆಯ ಜೆಟ್ ಬೋಟ್ ತಂದಿದ್ದ. ಲಾರಿಯಲ್ಲೇ ಅದನ್ನು ಹೇರಿಕೊಂಡು ನಮ್ಮ ಬೇವಿನ ಮರದ ಕೆಳಗೆ ನಿಲ್ಲಿಸಿದ. ಊರಿಗೆ ಊರೇ ಸುತ್ತ ನಿಂತಿತು. ಅದಕ್ಕೆ ಹೊರಗಡೆ ತಿರುಗುವ ರೆಕ್ಕೆ ಇಲ್ಲ. ಹೊಟ್ಟೆಯ ಕೆಳಗಿನಿಂದ ನೀರು ಎಳೆದುಕೊಂಡು ಹಿಂದಕ್ಕೆ ಚಿಮ್ಮುತ್ತದೆ, ಆ ರಭಸಕ್ಕೆ ಮುಂದಕ್ಕೆ ಓಡುತ್ತದೆ. ಚಿಮ್ಮುವ ಪಂಪಿನ ಅಡಿಯಲ್ಲಿ ಒಂದು ಮಟ್ಟಸವಾದ ತಗಡು ಕೂರಬೇಕು, ರೈಡ್ ಪ್ಲೇಟ್ ಅಂತೆ. ಇದರದು ಸೀಳಿಹೋಗಿತ್ತು.

"ಸ್ಪೀಡ್ ಹೋದ್ರೆ ಮೂತಿ ಎತ್ತಿ ಎತ್ತಿ ಕುಕ್ತದೆ ಅಣ್ಣಾ. ಹೊಸ ಪ್ಲೇಟ್ ಎಲ್ಲೂ ಸಿಗ್ತಿಲ್ಲ. ನೀವು ಮಾಡ್ಕೊಡ್ತೀರಾ?" ಎಂದ ನಾಗಭೂಷಣ್.

ಪಾಲಣ್ಣ ಬೋಟಿನ ಕೆಳಗೆ ಅಂಗಾತ ಮಲಗಿ ಅರ್ಧ ಗಂಟೆ ನೋಡಿದ. ಎದ್ದು ಬಂದವನ ಮುಖ ಮೊದಲ ಸಲ ಟ್ರ್ಯಾಕ್ಟರ್ ಬಿಚ್ಚಿದ ದಿನದ ಹಾಗೆ ಬೆಳಗುತ್ತಿತ್ತು. "ಇದು ಹೊಲಕ್ಕೆ ಹೊಡೆಯೋ ಹಲಗೆ ಇದ್ದಂಗೆ ಕಣಪ್ಪ" ಎಂದ. ಉತ್ತ ಹೊಲವನ್ನು ಸಮ ಮಾಡಲು ಹಲಗೆ ಎಳೆಸುತ್ತೇವಲ್ಲ, ಅದು ಗಿಡ್ಡವಿದ್ದರೆ ಕುಪ್ಪಳಿಸುತ್ತದೆ, ಉದ್ದವಿದ್ದರೆ ನೆಲಕ್ಕೆ ಒರಗಿ ಹೋಗುತ್ತದೆ. ನೀರೂ ಹಾಗೇ ಇರಬೇಕು ಎಂದು ಅವನ ಲೆಕ್ಕ.

ಹಳೆ ತಗಡನ್ನು ಬಿಚ್ಚಿ, ಫ್ರಿಜ್ ಬಂದಿದ್ದ ರಟ್ಟಿನ ಮೇಲಿಟ್ಟು ಗೀಚಿ, ಹಿಂದಕ್ಕೆ ನಾಲ್ಕು ಬೆರಳು ಉದ್ದ ಬಿಟ್ಟು ಕತ್ತರಿಸಿದ. ರಟ್ಟನ್ನು ಹಿಡಿದುಕೊಂಡವಳು ನಾನು. ರಾಯಚರ್ಲು ಕಡೆ ಸೋಲಾರ್ ಕೆಲಸಕ್ಕೆ ಹೋಗಿದ್ದಾಗ ಪಾವಗಡದ ಗುಜರಿಯಲ್ಲಿ ಕೊಂಡಿದ್ದ ದಪ್ಪ ಅಲ್ಯೂಮಿನಿಯಂ ಹಾಳೆಯೊಂದು ಅಟ್ಟದಲ್ಲಿತ್ತು. ಕಬ್ಬಿಣ ಬೇಡ, ನೀರಲ್ಲಿ ತುಕ್ಕು ತಿನ್ನುತ್ತದೆ ಎಂದ. ಅಲ್ಯೂಮಿನಿಯಂ ಕುಯ್ಯುವಾಗ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ, ಅದಕ್ಕೆ ನಾನು ಬಟ್ಟೆ ಸೋಪು ಹಚ್ಚಿ ಹಚ್ಚಿ ಕೊಟ್ಟೆ, ಅವನು ಕುಯ್ದ. ಸ್ಕ್ರೂ ತಲೆಗಳು ಒಂದೂ ಮೇಲೆ ಏಳಬಾರದೆಂದು ತೂತಿನ ಬಾಯಿ ಅಗಲಿಸಿ ತಲೆಯನ್ನು ತಗಡಿನೊಳಗೇ ಹೂತ. ಅಂಗೈ ಸವರಿದರೆ ಹೊಳೆ ಕಲ್ಲಿನ ಹಾಗೆ ನುಣ್ಣಗಿತ್ತು. ಮುತ್ತುರಾಜು ಪಕ್ಕದಲ್ಲೇ ಕೂತು ಎಲ್ಲ ನೋಡಿಕೊಂಡ.

ಒಂದು ತಪ್ಪು ಮಾತ್ರ ಮಾಡಿದ. ಹೊಲದ ಹಲಗೆಗೆ ಮಣ್ಣು ಕಚ್ಚಲಿ ಎಂದು ಹಿಂದಿನ ಅಂಚನ್ನು ತುಸು ಕೆಳಗೆ ಬಾಗಿಸುತ್ತಾರೆ. ಇದಕ್ಕೂ ಹಾಗೇ ಬಾಗಿಸಿಬಿಟ್ಟ. ಕೆರೆಗೆ ಇಳಿಸಿ ವೇಗ ಕೊಟ್ಟಿದ್ದೇ ತಡ, ಬೋಟು ಮೂತಿ ನೀರಿಗೆ ತೂರಿಸಿ ಎಮ್ಮೆಯ ಹಾಗೆ ಮುಳುಗಿ ಎದ್ದು, ನಾಗಭೂಷಣನ ಬಿಳಿ ಶರ್ಟು ಕೆಸರಾಯಿತು. ದಡದಲ್ಲಿ ನಿಂತು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಾಲಣ್ಣ ನಗಲಿಲ್ಲ. "ನೀರು ಮಣ್ಣಲ್ಲ, ಕಚ್ಚಿಸಬಾರದು" ಎಂದು ಗೊಣಗಿಕೊಂಡು ಬೋಟನ್ನು ದಡಕ್ಕೆಳೆಸಿ ಅಲ್ಲೇ ಬಿಚ್ಚಿ, ಕೋಡಿ ಕಲ್ಲಿನ ಮೇಲೆ ಮರದ ಸುತ್ತಿಗೆಯಿಂದ ತಟ್ಟಿ ಅಂಚನ್ನು ನೇರ ಮಾಡಿದ. ಮತ್ತೆ ಕೂರಿಸಿದ.

ಈಜು ಬಾರದ ಮನುಷ್ಯ. ಆದರೂ ಅವನ ಪದ್ಧತಿ ಬಿಡಲಿಲ್ಲ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕೂತ. ಬೋಟು ಈ ದಡದಿಂದ ಆ ದಡಕ್ಕೆ ಒಂದು ಚೂರೂ ಕುಪ್ಪಳಿಸದೆ ಹೋಯಿತು, ಗೆರೆ ಎಳೆದಂತೆ. ವಾಪಸು ಬರುವಾಗ ಅವನು ಕಣ್ಣು ತೆರೆದಿದ್ದ. ಇಳಿದವನೇ ಪಂಚ್ ಕೇಳಿ ಪ್ಲೇಟಿನ ಮೂಲೆಗೆ ಮೂರು ಚುಕ್ಕೆ ಹೊಡೆದ. ಆ ದಿನ ನನಗೆ ಅವನನ್ನು ನೋಡಿ ಎಷ್ಟು ಹೆಮ್ಮೆಯಾಗಿತ್ತು ಎಂದು ಇವತ್ತು ನೆನೆದರೆ ಸಿಟ್ಟು ಬರುತ್ತದೆ.

ನಾಗಭೂಷಣ್ ಮತ್ತೆ ಮೂರು ಬೋಟ್ ತಂದನೆಂದು ಕೇಳಿದೆವು. ಪ್ಲೇಟಿಗೆ ನಮ್ಮಲ್ಲಿಗೆ ಬರಲಿಲ್ಲ. ಅವೆಲ್ಲ ಸರಿ ಇರಬಹುದು ಎಂದುಕೊಂಡೆವು. ಬದಲಿಗೆ ನನ್ನ ತಮ್ಮನನ್ನು ಕರೆದು ಕೆರೆಯ ಹತ್ತಿರ ಸೂಪರ್‌ವೈಸರ್ ಮಾಡಿಕೊಂಡ. ಕೊರಳಿಗೆ ಸೀಟಿ, ಕಿತ್ತಳೆ ಬಣ್ಣದ ಜಾಕೆಟ್. ನಾನು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಜೀಪು ನಿಂತಿತು. ನಾಗಭೂಷಣ್, ಅವನ ಹಿಂದೆ ಐದಾರು ಜನ ಗಂಡಸರು, ಕೊನೆಯಲ್ಲಿ ಮುತ್ತುರಾಜು. ಹೂವು ಕಟ್ಟಿ ಮಾರುವ ದಾಸಮ್ಮ ಎಂಬಾಕೆ ಬೋಟ್ ಹತ್ತಿದ್ದಳಂತೆ. ಓಡುವಾಗ ಪ್ಲೇಟು ಒಂದು ಕಡೆ ಕಿತ್ತು ಜೋತುಬಿದ್ದು, ಬೋಟು ಗಕ್ಕನೆ ನಿಂತು, ಅವಳು ಕಂಬಿಗೆ ಅಪ್ಪಳಿಸಿ ಬಲಗೈ ಮುಂಗೈ ಮುರಿದಿತ್ತು. ಬಂದವರು ಅವಳ ಕಡೆಯವರು. ಮುರಿದ ಪ್ಲೇಟನ್ನು ನಾಗಭೂಷಣ್ ಪಾಲಣ್ಣನ ಕಾಲ ಬಳಿ ಎಸೆದ.

"ನೋಡ್ರಪ್ಪ, ಇವರ ಚುಕ್ಕೆನೇ ಐತೆ. ನಂಬಿ ಕೆಲ್ಸ ಕೊಟ್ಟಿದ್ದು ನನ್ ತಪ್ಪು" ಎಂದ.

ಪಾಲಣ್ಣ ಅದನ್ನು ಎತ್ತಿಕೊಂಡ. ಎತ್ತಿದ ಕೂಡಲೇ ಅವನ ಹುಬ್ಬು ಗಂಟಿಕ್ಕಿತು. ಕೈ ಕಿಟಕಿಯಲ್ಲಿದ್ದ ಅಯಸ್ಕಾಂತಕ್ಕೆ ಹೋಯಿತು. ಹಳೆ ಸ್ಪೀಕರಿನದು, ಬಿದ್ದ ಸ್ಕ್ರೂ ಆರಿಸಲು ಇಟ್ಟುಕೊಂಡಿದ್ದ. ಆಮೇಲೆ ಅವನು ಚುಕ್ಕೆಗಳನ್ನು ನೋಡಿದ. ಬೆರಳಲ್ಲಿ ಸವರಿದ. ತಲೆಯೆತ್ತಿ ಜನರ ಹಿಂದೆ ನಿಂತಿದ್ದ ನನ್ನ ತಮ್ಮನನ್ನು ನೋಡಿದ. ಅಯಸ್ಕಾಂತವನ್ನು ಕಿಟಕಿಗೇ ವಾಪಸು ಇಟ್ಟ.

"ಚುಕ್ಕೆ ನಂದೇ" ಎಂದ.

ಅವರು ಬೈದರು, ತಲೆ ತಗ್ಗಿಸಿ ಕೇಳಿಸಿಕೊಂಡ. ಆಸ್ಪತ್ರೆಗೆ ಹೋಗಿ ದಾಸಮ್ಮನ ಕಾಲು ಹಿಡಿದು ಬಂದ. ಆಮೇಲೆ ಟ್ರೇಲರ್ ಕೊಳ್ಳುವವರು ಬಗ್ಗಿ ನೋಡಿ, ಮೂರು ಚುಕ್ಕೆ ಇದ್ದರೆ ಬೇಡ ಎಂದು ಎದ್ದು ಹೋಗತೊಡಗಿದರು. ಹಿಟ್ಟಿನ ಗಿರಣಿಯಲ್ಲಿ ನಾನು ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. "ಅದೆಂಗೆ ಅಂಗ್ ಕೆಲ್ಸ ಕೆಡಿಸ್ಕಂಡೆ?" ಎಂದು ನಾನೇ ಎಷ್ಟೋ ಸಲ ಅವನನ್ನು ತಿವಿದೆ. ಅವನು ಎದ್ದು ಆಚೆ ಹೋಗುತ್ತಿದ್ದ. ಮುತ್ತುರಾಜು ಮಾತ್ರ ಭಾನುವಾರಕ್ಕೊಮ್ಮೆ ತಪ್ಪದೆ ಊಟಕ್ಕೆ ಬರುತ್ತಿದ್ದ. ಕಷ್ಟದಲ್ಲಿ ಕೈಬಿಡದ ತಮ್ಮ ಎಂದು ಅವನಿಗೆ ಕೋಳಿ ಸಾರು ಮಾಡಿ ಬಡಿಸುತ್ತಿದ್ದೆ.

ಆ ಪ್ಲೇಟು ಅಂಗಡಿಯ ಹಿಂದೆ ಬಿದ್ದಿತ್ತು. ಹೋದ ತಿಂಗಳು ಕೋಳಿ ಗೂಡಿನ ಬಾಗಿಲಿಗೆ ಅಡ್ಡ ಇಡೋಣವೆಂದು ಎತ್ತಿಕೊಂಡೆ. ಮೇಲಿನ ಬೆಳ್ಳಿ ಬಣ್ಣ ಸುಲಿದು ಒಳಗೆ ಕೆಂಪಗೆ ತುಕ್ಕು ಕಂಡಿತು. ಅಲ್ಯೂಮಿನಿಯಂ ಎಲ್ಲಾದರೂ ತುಕ್ಕು ಹಿಡಿಯುತ್ತದೆಯೇ? ಓಡಿಹೋಗಿ ಕಿಟಕಿಯ ಅಯಸ್ಕಾಂತ ತಂದೆ. ಟಕ್ ಎಂದು ಕಚ್ಚಿಕೊಂಡಿತು. ತೆಳು ಕಬ್ಬಿಣದ ಹಾಳೆ. ಅವತ್ತು ಹಾಳೆಗೆ ಸೋಪು ಹಚ್ಚಿದವಳು ನಾನು, ಇದು ನನ್ನ ಗಂಡನ ಕೆಲಸವಲ್ಲ. ಆದರೆ ಮೂಲೆಯ ಚುಕ್ಕೆಗಳು ಒಂದು ಪಕ್ಕ ಕಚ್ಚಿದ್ದವು. ಆ ಮುರುಕು ಪಂಚ್ ಇಡೀ ಸೀಮೆಯಲ್ಲಿ ಇದ್ದಿದ್ದು ನಮ್ಮ ಅಂಗಡಿಯಲ್ಲಿ ಮಾತ್ರ. ಅದನ್ನು ಮುಟ್ಟುತ್ತಿದ್ದುದು ಇಬ್ಬರೇ.

ಭಾನುವಾರ ಮುತ್ತುರಾಜು ಬಂದು ಕೈ ತೊಳೆದು ಚಾಪೆಯ ಮೇಲೆ ಕೂತ. ಪಕ್ಕದಲ್ಲಿ ಪಾಲಣ್ಣ. ಗಂಡನಿಗೆ ಮುದ್ದೆ ಬಡಿಸಿದೆ. ತಮ್ಮನ ಮುಂದೆ ತಟ್ಟೆಯ ಬದಲು ಆ ತುಕ್ಕು ಹಿಡಿದ ಪ್ಲೇಟನ್ನಿಟ್ಟು, ಅದರ ಮೇಲೆ ಅಯಸ್ಕಾಂತ ಬಿಟ್ಟೆ.

"ಹೇಳ್ಲಾ" ಎಂದೆ.

ಅವನು ಚಾಪೆಯಂಚಿಗೆ ಸರಿದ. "ಅಳತೆ ರಟ್ಟು ನಾಗಭೂಷಣ್ ಅವ್ರೇ ಕೇಳಿದ್ರು ಅಕ್ಕ. ಕಬ್ಬಿಣದಲ್ಲಿ ಮಾಡ್ಕೊಡು, ಕೆಲ್ಸ ಕೊಡ್ತೀನಿ ಅಂದ್ರು. ಚುಕ್ಕೆ ಇದ್ರೆ ಜನ ಹತ್ತುತಾರೆ ಅಂದ್ರು. ಇಂಗಾಯ್ತದೆ ಅಂತ ನಂಗೇನು ಗೊತ್ತು? ಭಾವಂಗೆ ಅವತ್ತೇ ಗೊತ್ತಾಯ್ತು."

ನಾನು ಗಂಡನ ಕಡೆ ತಿರುಗಿದೆ. ಅವನು ಮುದ್ದೆ ಮುರಿಯುತ್ತಿದ್ದ ಕೈಯನ್ನು ಹಾಗೇ ಹಿಡಿದುಕೊಂಡಿದ್ದ.

"ನಿಂಗೆ ಇರೋದು ಒಂದೇ ತವರು ಕಣೆ" ಎಂದ. "ಪೊಲೀಸ್ನೋರು ಬಂದು ಇದನ್ನ ಯಾರ್ಯಾರು ಮುಟ್ತಿದ್ರು ಅಂತ ಕೇಳ್ತಾರೆ ಅಂತ ಪಂಚನ್ನೂ ಬಾವಿಗೆ ಹಾಕ್ಬುಟ್ಟೆ. ಹೋದ್ರೆ ನನ್ ಹೆಸ್ರು ತಾನೇ, ಹೋಗ್ಲಿ ಬುಡು."

ತಮ್ಮ ಮಾಡಿದ ಮೋಸ ಎದೆಗೆ ಚುಚ್ಚಿತು, ನಿಜ. ಆದರೆ ಇವನ ಮಾತಿಗೆ ನನಗೆ ಅದಕ್ಕಿಂತ ಸಿಟ್ಟು ಬಂತು. ನಾಲ್ಕು ತಿಂಗಳು ಇಬ್ಬರಿಗೂ ಎಲ್ಲ ಗೊತ್ತಿತ್ತು. ಇಬ್ಬರೂ ಅಕ್ಕಪಕ್ಕ ಕೂತು ನಾನು ಬಡಿಸಿದ್ದನ್ನು ಉಂಡರು. ಗಿರಣಿಯಿಂದ ಅತ್ತುಕೊಂಡು ಬಂದವಳನ್ನು ನೋಡಿಯೂ ಬಾಯಿ ಬಿಡಲಿಲ್ಲ.

"ಇಪ್ಪತ್ತೆರಡು ವರ್ಷ ಬಾಯಲ್ಲಿ ಆಡ್ದೆ ಕಾಪಾಡ್ಕಂಡು ಬಂದಿದ್ದೀನಿ ಆ ಹೆಸ್ರು" ಎಂದೆ. "ನಿಂದೊಂದೇ ಅಂತ ಯಾರು ಹೇಳಿದ್ದು ನಿಂಗೆ?"

ಮುತ್ತುರಾಜು ಎದ್ದು ನಿಂತ. "ಅಕ್ಕ, ಹೇಳ್ಬುಟ್ರೆ ನನ್ ಬಾಳು ಹೋಯ್ತದೆ" ಎಂದ. ನಾನು ಅವನ ಮುಖ ನೋಡಲಿಲ್ಲ. ಅವನು ಚಪ್ಪಲಿ ಹಾಕಿಕೊಂಡು ಹೋದ ಸದ್ದು ಕೇಳಿಸಿತು. ಅಂದಿನಿಂದ ಈ ಕಡೆ ಬಂದಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಪ್ಲೇಟನ್ನೂ ಅಯಸ್ಕಾಂತವನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಪಾಲಣ್ಣ ಬೇವಿನ ಮರದವರೆಗೆ ಹಿಂದೆ ಬಂದು ಅಲ್ಲೇ ನಿಂತ. ಮಧುಗಿರಿಯಲ್ಲಿ ಬಸ್ಸು ಬದಲಿಸಿ, ಕೇಳಿಕೊಂಡು ಕೇಳಿಕೊಂಡು ದಾಸಮ್ಮನ ಮನೆ ಮುಟ್ಟುವಾಗ ಹನ್ನೊಂದಾಗಿತ್ತು. ಅವಳು ಜಗಲಿಯಲ್ಲಿ ಕೂತು, ಸರಿಯಾಗಿ ಮಡಚಲಾಗದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯಲ್ಲಿ ಕನಕಾಂಬರ ಆರಿಸುತ್ತಿದ್ದಳು. ಒಳಗಿನಿಂದ ಅವತ್ತು ಜೀಪಿನಲ್ಲಿ ಬಂದಿದ್ದ ಗಂಡಸರಲ್ಲಿ ಇಬ್ಬರು ಹೊರಗೆ ಬಂದರು.

"ಯಾರಮ್ಮ ನೀನು?" ಎಂದಳು ದಾಸಮ್ಮ.

ಒಡಹುಟ್ಟಿದವನನ್ನು ನನ್ನ ಕೈಯಾರೆ ಒಪ್ಪಿಸಲು ಬಂದವಳು ನಾನು. ಚೀಲದೊಳಗೆ ಅಯಸ್ಕಾಂತ ಪ್ಲೇಟನ್ನು ಕಚ್ಚಿಕೊಂಡುಬಿಟ್ಟಿತ್ತು, ಎರಡನ್ನೂ ಒಟ್ಟಿಗೇ ಹೊರಗೆ ತೆಗೆದೆ.

"ಪಾಲಣ್ಣನ ಹೆಂಡ್ತಿ ಕಣಮ್ಮ" ಎಂದೆ.