ಗ್ಯಾರೇಜಿನಲ್ಲಿ ಕರಟಿದ ಕೊತ್ತಂಬರಿ

ಜಲಜಮ್ಮನಿಗೆ ಆ ಕಾಯಿಲೆ ಅಂಟಿಸಿದ್ದು ನೀವಲ್ಲ, ಶ್ರೀಧರ್. ನಾನು. ಬಹುಶಃ ನಾನು — ಈ ‘ಬಹುಶಃ’ದ ಹಿಂದೆ ಇಷ್ಟು ವರ್ಷ ಅಡಗಿ ಕುಳಿತಿದ್ದೆ. ಯಾರಿಂದ ಯಾರಿಗೆ ಬಂತು ಎಂದು ಆಗ ಯಾವ ಡಾಕ್ಟರೂ ಹೇಳಲಿಲ್ಲ, ಈಗಂತೂ ಯಾರೂ ಹೇಳಲಾರರು. ಆದರೆ ನಿಮ್ಮ ಅತ್ತೆ ಅಂದು ನನ್ನ ಮುಖ ನೋಡಿ ನೇರವಾಗಿ ಒಂದು ಪ್ರಶ್ನೆ ಕೇಳಿದ್ದರು. ನಾನು ಸುಳ್ಳು ಹೇಳಿದೆ. ಅದರಲ್ಲಿ ಬಹುಶಃ ಏನೂ ಇಲ್ಲ.

ನಿಮಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ. ಅದನ್ನು ನೆನೆಯುವುದು ನನಗೆ ಈಗಲೂ ಇಷ್ಟ, ಅದಕ್ಕೆ.

ಆಗ ನೀವು, ವಿನುತಾ, ಪುಟ್ಟ ಅನ್ವಿ ಕ್ಯಾಲಿಫೋರ್ನಿಯಾದ ಗಿಲ್‌ರಾಯ್‌ನ ಆ ಮನೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ನಾವು ಪಕ್ಕದೂರು ಮಾರ್ಗನ್ ಹಿಲ್‌ನಲ್ಲಿ. ನಾನು ನಿಮ್ಮೂರಿನ ಔಟ್‌ಲೆಟ್ ಅಂಗಡಿಯೊಂದರಲ್ಲಿ ಸ್ವೆಟರ್ ಮಡಚುತ್ತಿದ್ದೆ — ಗಿರಾಕಿಗಳು ಬಿಚ್ಚಿ ಎಸೆಯುವುದು, ನಾನು ಮಡಚಿ ಇಡುವುದು. ಹುಬ್ಬಳ್ಳಿಯಲ್ಲಿ ಎಂ.ಎ. ಓದಿದ್ದು ಸಾರ್ಥಕವಾಯಿತು ಎಂದು ನನ್ನನ್ನು ನಾನೇ ಆಡಿಕೊಳ್ಳುತ್ತಿದ್ದೆ. ವಿನುತಾಳ ಅಮ್ಮ ಉಡುಪಿಯಿಂದ ಆರು ತಿಂಗಳ ಮಟ್ಟಿಗೆ ಬಂದ ಮೇಲೆ ನನ್ನ ಶನಿವಾರಗಳಿಗೊಂದು ಕಳೆ ಬಂತು. ಬೆಳಗಿನ ಪಾಳಿ ಮುಗಿಸಿ ಸೀದಾ ನಿಮ್ಮ ಮನೆಗೆ. ಬಾಗಿಲು ತೆಗೆಯುತ್ತಲೇ ಜಲಜಮ್ಮ, “ಬಂತು ನೋಡು ಹುಬ್ಬಳ್ಳಿ! ಕಾಲು ತೊಳ್ಕೊಂಡು ಬಾ, ಕಾಯಿ ತುರೀಲಿಕ್ಕುಂಟು” ಎನ್ನುತ್ತಿದ್ದರು. ನನಗೊಂದು ಹೆಸರಿದೆ ಎಂಬುದನ್ನೇ ಅವರು ಮರೆತಿದ್ದರು. ನನಗೂ ಅದೇ ಹಿತವಾಗಿತ್ತು.

ನಮ್ಮ ಮನೆಯಲ್ಲಿ ಸಾರು ಕುದಿಯುವಾಗ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ ನೋಡುವುದು ರೂಢಿ. ಮೊದಲ ಶನಿವಾರ ಅವರ ಅಡುಗೆಮನೆಯಲ್ಲೂ ಹಾಗೇ ಮಾಡಿದೆ. ಅವರು ಎದೆ ಬಡಿದುಕೊಳ್ಳುವುದೊಂದು ಬಾಕಿ. ದೇವರಿಗೆ ಇಡುವ ಮೊದಲು ನಾಲಿಗೆಗೆ ತಾಗಿಸುವಂತಿಲ್ಲ. ಇಡೀ ಪಾತ್ರೆಯ ಸಾರೂ ಎಂಜಲಾದ ಲೆಕ್ಕ. ಪಾಪ, ಮತ್ತೊಮ್ಮೆ ಬೇಳೆ ಇಟ್ಟರು.

“ಹಂಗಾರ ಉಪ್ಪು ಸರಿ ಆಗೇತಿ ಅಂತ ಹೆಂಗ ಗೊತ್ತಾಗ್ತದ್ರೀ ಅಮ್ಮಾ?” ಎಂದು ಕೇಳಿದೆ.

“ಮತ್ತೆ ದೇವರು ಮೂಗು ಎಂತಕ್ಕೆ ಕೊಟ್ಟದ್ದು ಮಾರಾಯ್ತಿ?”

ತಮಾಷೆ ಎಂದುಕೊಂಡೆ. ಅಲ್ಲ. ಆವಿಯನ್ನು ಕೈಯಿಂದ ತಮ್ಮ ಕಡೆಗೆ ಎಳೆದುಕೊಂಡು, ಕಣ್ಣು ಮುಚ್ಚಿ, “ಇನ್ನೊಂದು ಚಿಟಿಕೆ” ಎನ್ನುತ್ತಿದ್ದರು. ಊಟಕ್ಕೆ ಕುಳಿತಾಗ ಅದು ಸರಿಯಾಗಿಯೇ ಇರುತ್ತಿತ್ತು. ನನಗೂ ಕಲಿಸಿದರು. ಕೊತ್ತಂಬರಿ ಹುರಿಯುವಾಗ ಹಸಿ ವಾಸನೆ ಹೋಗಿ ಘಮ ಬರುವ ಆ ಒಂದು ಗಳಿಗೆ, ಅದು ದಾಟಿದರೆ ಬರುವ ಕಹಿ ವಾಸನೆ — ಇವನ್ನೆಲ್ಲ ನಾನು ತಿಳಿದದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಅಮೆರಿಕದಲ್ಲಿ, ಅವರ ಪಕ್ಕ ನಿಂತು. ಬೆಳ್ಳುಳ್ಳಿ ಮುಟ್ಟದ ಅವರಿಗೆ, ಬೆಳ್ಳುಳ್ಳಿಗೇ ಹೆಸರಾಗಿ ಊರಿಡೀ ಅದೇ ವಾಸನೆ ಹೊಡೆಯುವ ಗಿಲ್‌ರಾಯ್ ಸಿಕ್ಕಿದ್ದು ಒಂದು ಚೋದ್ಯ. ಕಾರಿನಲ್ಲಿ ಊರು ದಾಟುವಾಗ ಸೆರಗು ಮೂಗಿಗೆ ಹಿಡಿದು, “ತಿನ್ನುದಿಲ್ಲ ಹೇಳಿ ನಿಯಮ ಮಾಡಿದ್ದು, ಉಸಿರಾಡುದಿಲ್ಲ ಹೇಳಿ ಅಲ್ಲ, ಎಂತ ಮಾಡುದು” ಎಂದು ನಗುತ್ತಿದ್ದರು. ಎಷ್ಟು ಚೆನ್ನಾಗಿ ನಗುತ್ತಿದ್ದರು ಅಲ್ಲವೇ?

ಇನ್ನು ನಿಮಗೆ ಗೊತ್ತಿಲ್ಲದ್ದು.

ಮಾರ್ಚ್ ತಿಂಗಳು. ಸುದ್ದಿಯೆಲ್ಲ ಕೋವಿಡ್ಡಿನದೇ ಆಗಿತ್ತು, ಆದರೆ ಇನ್ನೂ ಊರಿನ ಬಾಗಿಲು ಹಾಕಿರಲಿಲ್ಲ. ಅಂಗಡಿಯಲ್ಲಿ ಜನ ಎಂದಿನಂತೆ ಬರುತ್ತಿದ್ದರು. ಆ ವಾರದ ಮೊದಲಲ್ಲಿ ನನಗೆ ಮೈಕೈ ನೋವು, ಸ್ವಲ್ಪ ಜ್ವರ. ಮಾತ್ರೆ ನುಂಗಿದೆ, ಹೋಯಿತು. ಆಮೇಲೆ ಒಂದು ದಿನ ಕೆಲಸದಿಂದ ಮರಳುವಾಗ ಕಾರಿನ ಕಿಟಕಿ ಇಳಿಸಿದ್ದೆ — ಬೆಳ್ಳುಳ್ಳಿ ವಾಸನೆ ಇಲ್ಲ. ಗಾಳಿ ಬೇರೆ ಕಡೆ ಬೀಸುತ್ತಿರಬೇಕು ಅಂದುಕೊಂಡೆ. ಮನೆಗೆ ಬಂದು ಊದುಕಡ್ಡಿ ಹಚ್ಚಿದೆ, ಹೊಗೆ ಬಂತು, ವಾಸನೆ ಇಲ್ಲ. ಇಂಗಿನ ಡಬ್ಬಿ ತೆರೆದು ಮೂಗಿನ ಕೆಳಗೇ ಹಿಡಿದೆ. ಏನೂ ಇಲ್ಲ. ಅಲರ್ಜಿ ಇರಬೇಕು ಎಂದರು ನಮ್ಮ ಯಜಮಾನರು. ಹೂ ಬಿಡುವ ಕಾಲದಲ್ಲಿ ಇಲ್ಲಿ ಹೂವಿನ ಧೂಳಿಗೆ ಸೀನದವರು ಯಾರಿದ್ದಾರೆ. ಆದರೆ ನನ್ನ ಮೂಗು ಕಟ್ಟಿರಲಿಲ್ಲ. ಉಸಿರು ಸರಾಗವಾಗಿ ಹೋಗಿ ಬರುತ್ತಿತ್ತು. ಒಳಗೆ ಮಾತ್ರ ಯಾವುದೋ ದೀಪ ಆರಿಸಿಟ್ಟ ಹಾಗೆ —

ಟಿವಿಯಲ್ಲಿ ಜ್ವರ, ಕೆಮ್ಮು, ಉಸಿರಾಟ ಎನ್ನುತ್ತಿದ್ದರೇ ಹೊರತು ಮೂಗಿನ ಸುದ್ದಿ ಯಾರೂ ಎತ್ತಿರಲಿಲ್ಲ. ನಾನದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಜ್ವರ ಬಂದದ್ದನ್ನು ಮಾತ್ರ ಜಾಣತನದಿಂದ ಮರೆತೆ.

ಶನಿವಾರ ಬಂತು. ಯುಗಾದಿ ಹತ್ತಿರವಿತ್ತು, ಸಾರಿನ ಪುಡಿ ಮಾಡುವುದೆಂದು ಮೊದಲೇ ಮಾತಾಗಿತ್ತು. ಈ ದೇಶದ ಮನೆಗಳಲ್ಲಿ ಮೆಣಸು ಹುರಿದರೆ ಹೊಗೆಯ ಅಲಾರಂ ಊರಿಗೆಲ್ಲ ಡಂಗುರ ಸಾರುತ್ತದೆ. ಅದಕ್ಕೇ ನಿಮ್ಮ ಗ್ಯಾರೇಜಿನ ಬಾಗಿಲು ಎತ್ತಿ, ಪುಟ್ಟ ಗ್ಯಾಸ್ ಒಲೆಯಿಟ್ಟು, ಅಲ್ಲಿ ಹುರಿಯುವುದು ನಮ್ಮ ಪದ್ಧತಿ. ಮೊದಲು ಬ್ಯಾಡಗಿ ಮೆಣಸು ಹುರಿದೆವು. ಘಾಟಿಗೆ ಇಬ್ಬರೂ ಕೆಮ್ಮಿದೆವು, ಕಣ್ಣಲ್ಲಿ ನೀರು, ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕೆವು. ಆ ಕೆಮ್ಮುಗಳಲ್ಲಿ ಮೆಣಸಿನದೆಷ್ಟು, ನನ್ನದೆಷ್ಟು ಎಂದು ಈಗ ಯೋಚಿಸುತ್ತೇನೆ.

ಆಮೇಲೆ ಕೊತ್ತಂಬರಿ ಬೀಜ ಬಾಣಲೆಗೆ ಹಾಕಿ, “ನೀನು ನೋಡ್ಕೋ, ಘಮ ಬಂದ ಕೂಡ್ಲೆ ಇಳಿಸು” ಎಂದು ಕರಿಬೇವು ತರಲು ಒಳಗೆ ಹೋದರು. ನಾನು ಕೈಯಾಡಿಸುತ್ತ ನಿಂತೆ. ಘಮ ಬರಲಿ ಎಂದು ಕಾದೆ. ಎಲ್ಲಿಂದ ಬರಬೇಕು? ಬಣ್ಣ ನೋಡಬಹುದಿತ್ತು, ನಿಜ; ಆದರೆ ಮೂಗಿನಿಂದ ತಿಳಿಯುವುದನ್ನು ಕಲಿತವಳಲ್ಲವೇ, ಮೂಗು ಹೇಳುತ್ತದೆಂದೇ ಕಾದೆ. ಜಲಜಮ್ಮ ಅಡುಗೆಮನೆಯಿಂದಲೇ ಕೂಗುತ್ತ ಓಡಿ ಬಂದರು.

“ಕರಟಿ ಹೋಯ್ತಲ್ಲ ಮಾರಾಯ್ತಿ! ಒಳಗೆ ನಂಗೆ ಗೊತ್ತಾಯ್ತು, ಇಲ್ಲೇ ನಿಂತ ನಿಂಗೆ ಗೊತ್ತಾಗ್ಲಿಲ್ವಾ?” ಒಲೆ ಆರಿಸಿದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಹತ್ತಿರ ಬಂದು, ನನ್ನ ಗಲ್ಲ ಹಿಡಿದೆತ್ತಿ, ಮುಖ ನೋಡಿ ಮೆಲ್ಲಗೆ ಕೇಳಿದರು: “ಹುಷಾರಿಲ್ವಾ ನಿಂಗೆ? ವಾಸನೆ ಬರುದಿಲ್ವಾ?”

“ಬರ್ತದ್ರೀ ಅಮ್ಮಾ,” ಅಂದೆ. “ಫೋನ್ ನೋಡಕೋತ ನಿಂತಿದ್ದೆ.”

ಫೋನು ಕಾರಿನಲ್ಲಿತ್ತು.

ಯಾಕೆ ಹೇಳಿದೆ? ಹೌದು ಅಂದರೆ ಮನೆಗೆ ಹೋಗು ಅನ್ನುತ್ತಿದ್ದರು. ಮರುವಾರದಿಂದ ಎಲ್ಲ ಮುಚ್ಚುತ್ತದೆಂದು ಆಗಲೇ ಗುಸುಗುಸು ಇತ್ತು; ಅದೇ ಕೊನೆಯ ಶನಿವಾರವೇನೋ, ಅದನ್ನು ಕಳೆದುಕೊಳ್ಳಬಾರದು ಎಂಬ ಆಸೆ ಒಂದು. ನಾಚಿಕೆ ಇನ್ನೊಂದು — ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಯಾರಿಗೋ ಜ್ವರ ಬಂದದ್ದಕ್ಕೆ ಎಂತೆಂಥ ಮಾತು ಬಂದವು, ನೀವೂ ಓದಿದ್ದೀರಿ. ಇವು ಕಾರಣಗಳು, ಅಷ್ಟೇ. ಇವುಗಳಿಂದ ಏನೂ ಹಗುರಾಗುವುದಿಲ್ಲ. ಕರಟಿದ್ದನ್ನು ಚೆಲ್ಲಿ, ಬೇರೆ ಕೊತ್ತಂಬರಿ ಹುರಿದೆವು. ಸಂಜೆಯವರೆಗೂ ಅವರ ಪಕ್ಕದಲ್ಲೇ ಕುಳಿತಿದ್ದೆ.

ಮುಂದಿನದನ್ನು ನೀವು ಅನುಭವಿಸಿದ್ದೀರಿ, ನಾನು ಫೋನಿನಲ್ಲಿ ಕೇಳಿದ್ದೇನೆ. ಎಲ್ಲ ಬಾಗಿಲು ಹಾಕಿತು. ಜಲಜಮ್ಮನಿಗೆ ಕೆಮ್ಮು ಹತ್ತಿತು. ಟೆಸ್ಟು ಎಲ್ಲೂ ಸಿಗದು. ಉಸಿರು ಕಟ್ಟಿದರೆ ಮಾತ್ರ ಕರೆತನ್ನಿ ಎಂದರು ಡಾಕ್ಟರು. ಬೆರಳಿಗೆ ಸಿಕ್ಕಿಸುವ ಆ ಆಮ್ಲಜನಕದ ಯಂತ್ರವೂ ಅಂಗಡಿಗಳಲ್ಲಿ ಇರಲಿಲ್ಲ. ಒಂದು ದಿನ “ಇವತ್ತು ಗಂಜಿ ಕುಡಿದ್ರು” ಎಂದು ವಿನುತಾ ಹಿಗ್ಗುತ್ತಿದ್ದಳು, ಮರುದಿನ ಅಳುತ್ತಿದ್ದಳು. ಇದು ಅದೋ ಅಲ್ಲವೋ, ನಾಳೆ ಹೆಚ್ಚಾಗುತ್ತದೋ ಇಳಿಯುತ್ತದೋ — ಯಾರಿಗೂ ಗೊತ್ತಿಲ್ಲ. ಕಡೆಗೆ ಆಸ್ಪತ್ರೆಗೆ ಸೇರಿಸಿದಾಗಲೇ ಅದು ಅದೇ ಎಂದು ತಿಳಿದದ್ದು.

ನೀವು ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದಿರಿ. ಮುಚ್ಚುವ ದಿನದವರೆಗೂ ರೈಲಿನಲ್ಲಿ ಹೋಗಿ ಬಂದಿರಿ. ನಿಮಗೂ ನಡುವೆ ಗಂಟಲು ಕೆರೆದಿತ್ತು. ಇನ್ನೇನು ಬೇಕು? ಯಾರೂ ಎರಡನೆಯ ಸಲ ಯೋಚಿಸಲಿಲ್ಲ, ನೀವೂ ಸಹ. ಆ ಗ್ಯಾರೇಜಿನಲ್ಲೇ ಹಾಸಿಗೆ ಹಾಕಿಕೊಂಡಿರಿ. ವಿನುತಾ ಒಂದು ಸಂಜೆ ನನ್ನೊಡನೆ ಮಾತಾಡುತ್ತಿದ್ದಾಗ ನೀವು ಬಾಗಿಲಾಚೆಯಿಂದ ಏನೋ ಕೇಳಿದಿರಿ; ಅವಳು ಫೋನು ಹಿಡಿದೇ ಸಿಡಿದಳು: “ಎಲ್ಲ ಮಾಡಿಟ್ಟು ಈಗ ಹೇಗಿದ್ದಾರೆ ಅಂತ ಕೇಳ್ತೀರಾ? ನನ್ನಮ್ಮನಿಗೆ ತಂದು ಹಚ್ಚಿದ್ದು ನೀವೇ ಅಲ್ವಾ!” ನನಗೆ ಬಾಯಿಯಿತ್ತು. ‘ವಿನುತಾ, ತಡಿ’ ಅನ್ನಬಹುದಿತ್ತು. ನಾನು — “ಸಮಾಧಾನ ಮಾಡ್ಕೋ” ಅಂದೆ.

ಜಲಜಮ್ಮ ಉಳಿದರು, ಮನೆಗೆ ಬಂದರು. ಆದರೆ ಮೂಗು ಹೋದದ್ದು ಮರಳಲಿಲ್ಲ. ನನ್ನದು ಅಷ್ಟರಲ್ಲಿ ಮರಳಿತ್ತು. ಅವರು ಒಂದು ದಿನ ಅನ್ನ ಸಾರು ಮಾಡಿ ದೇವರಿಗಿಟ್ಟರಂತೆ. ಊಟಕ್ಕೆ ಕುಳಿತಾಗ ಸಾರು ಉಪ್ಪುಪ್ಪು. ಅನ್ವಿ ಮುಖ ಸಿಂಡರಿಸಿದಳಂತೆ. ರುಚಿ ನೋಡಿ ಮಾಡಿ ಅಮ್ಮ, ದೇವರೇನೂ ಅಂದುಕೊಳ್ಳುವುದಿಲ್ಲ ಎಂದು ನೀವೇ ಹೇಳಿದಿರಂತೆ. ಅವರು ಒಪ್ಪಲಿಲ್ಲ. ಅಂದಿನಿಂದ ಒಲೆಯ ಮುಂದೆ ನಿಲ್ಲಲಿಲ್ಲ. ದೇವರಿಗೆ ಹಣ್ಣು, ಹಾಲು ಇಟ್ಟು ಕೈಮುಗಿಯುತ್ತಿದ್ದರು. ಹುಡುಗಿಯಾಗಿದ್ದಾಗಿನಿಂದ ಅಡುಗೆ ಮಾಡಿದ ಕೈ ಅದು.

ವಿಮಾನ ಸಂಚಾರ ಮತ್ತೆ ಶುರುವಾಗಿ ಊರಿಗೆ ಹೊರಡುವ ಮೊದಲು ನನಗೆ ಫೋನು ಮಾಡಿದ್ದರು. ಅದೂ ಇದೂ ಮಾತಾಡಿ, “ನಿಂಗೆ ವಾಸನೆ ಬರ್ತದಲ್ಲ?” ಎಂದು ಕೇಳಿದರು.

“ಬರ್ತದ್ರೀ” ಅಂದೆ. ಈ ಸಲ ಅದು ನಿಜವಾಗಿತ್ತು.

“ಸಾಕು. ನಿಂಗಾದ್ರೂ ಉಂಟಲ್ಲ. ನಾನು ಕಲ್ಸಿದ್ದು ದಂಡ ಆಗ್ಲಿಲ್ಲ.”

ಅವರಿಗೆ ಅನುಮಾನವಿತ್ತೇ? ಗೊತ್ತಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಅದಕ್ಕೇ ಇತ್ತೆಂದು ನಂಬಲು ಭಯ. ಅವರೀಗ ಇಲ್ಲ. ಅವರಿಗೆ ಹೇಳುವ ಅವಕಾಶವನ್ನು ನಾನು ಕಾಯುತ್ತ ಕಾಯುತ್ತ ಕಳೆದುಕೊಂಡೆ.

ಇನ್ನೂ ಕಾಯುತ್ತಿದ್ದೆನೇನೋ, ಕಳೆದ ವಾರ ಅನ್ವಿಯ ಗೆಳತಿ ನಿಮ್ಮ ಮನೆಗೆ ಬರದೇ ಇದ್ದಿದ್ದರೆ. ನಾನೂ ಅಲ್ಲಿದ್ದೆ. ಗೋಡೆಯ ಮೇಲಿನ ಜಲಜಮ್ಮನ ಫೋಟೋ ಯಾರದೆಂದು ಆ ಹುಡುಗಿ ಕೇಳಿದಳು. ಅನ್ವಿ ಚಿಪ್ಸ್ ತಿನ್ನುತ್ತಲೇ, “ಮೈ ಅಜ್ಜಿ. ಡ್ಯಾಡ್ ಗೇವ್ ಹರ್ ಕೋವಿಡ್” ಎಂದಳು. ಕೋಪವಿಲ್ಲ, ದುಃಖವಿಲ್ಲ, ಅಜ್ಜಿ ಉಡುಪಿಯವರು ಎಂದಷ್ಟೇ ಸಹಜವಾಗಿ. ಮನೆಯ ಚರಿತ್ರೆಯಲ್ಲಿ ಅದು ಸೇರಿಹೋಗಿದೆ. ನೀವು ನಕ್ಕ ಹಾಗೆ ಮಾಡಿ, ಖಾಲಿಯಾಗದ ತಟ್ಟೆಗಳನ್ನೇ ಎತ್ತಿಕೊಂಡು ಒಳಗೆ ಹೋದಿರಿ. ವಿನುತಾ ತಲೆ ತಗ್ಗಿಸಿದಳು. ಅವಳು ಆ ಮಾತಿಗೆ ಎಂದೋ ಪಶ್ಚಾತ್ತಾಪಪಟ್ಟಿದ್ದಾಳೆ, ನನಗೆ ಗೊತ್ತು; ಹಿಂತೆಗೆದುಕೊಳ್ಳಲು ಅವಳ ಬಳಿ ಬೇರೆ ಸತ್ಯವಿಲ್ಲ. ಅದು ನನ್ನ ಬಳಿ ಇತ್ತು.

ನಾಳೆ ಬರುತ್ತೇನೆ, ಶ್ರೀಧರ್. ನಿಮ್ಮೊಬ್ಬರಿಗೇ ಗುಟ್ಟಾಗಿ ಹೇಳಿ, ನೀವು ಒಳ್ಳೆಯವರಾದ್ದರಿಂದ ‘ಹೋಗಲಿ ಬಿಡಿ’ ಅನ್ನಿಸಿಕೊಂಡು ಹೋಗಲು ಅಲ್ಲ. ಮೂವರೂ ಕುಳಿತಿರಬೇಕು. ಅನ್ವಿಗೆ ಪೂರ್ತಿ ತಿಳಿಯಬೇಕು, ಅದಕ್ಕೆ ನನ್ನ ಹರುಕು ಇಂಗ್ಲಿಷಿನಲ್ಲೇ ಹೇಳುತ್ತೇನೆ. ಆಮೇಲೆ ನಿಮ್ಮ ಮನೆಯ ಬಾಗಿಲು ನನಗೆ ಮುಚ್ಚಿದರೂ ಮುಚ್ಚಲಿ. ಮುಂದೊಮ್ಮೆ ಯಾರಾದರೂ ಆ ಫೋಟೋ ತೋರಿಸಿ ಕೇಳಿದಾಗ, ನಿಮ್ಮ ಮಗಳು ನಿಮ್ಮ ಎದುರಿನಲ್ಲೇ ನನ್ನ ಹೆಸರು ಹೇಳಲಿ.