ಕಾಲಿಗೆ ನೀರು

ನಮ್ಮ ಕಡೆ ಮನೆಗೆ ಬಂದವರ ಕೈಗೆ ಜಗುಲಿಯಲ್ಲೇ ಒಂದು ಚೊಂಬು ನೀರು ಕೊಡುತ್ತೇವೆ. ಕ್ಷೇಮಸಮಾಚಾರವೆಲ್ಲ ಕಾಲು ತೊಳೆದ ಮೇಲೆ. ಆ ನೀರಿಗೆ ಬೆಲೆ ಕಟ್ಟಬಹುದೆಂದು, ಗೆಳೆಯರೇ, ನನಗೆಂದೂ ಹೊಳೆದಿರಲಿಲ್ಲ. ಹೊಳೆದದ್ದು ಹನ್ನೊಂದು ವರ್ಷದ ನನ್ನ ಮಗಳು ಭೂಮಿಗೆ.

ಭೂಮಿ ತರಗತಿಯಲ್ಲಿ ಬಾಯಿ ಬಿಡಲಾರದೆ, ಬರಬರುತ್ತ ಮನೆಯಲ್ಲೂ ಮೌನಿಯಾಗಿದ್ದಳು. ಅದಕ್ಕೇ ಶಾಲೆ ಬಿಡಿಸಿ, ಅವಳಿಗೂ ಅವಳ ತಮ್ಮನಿಗೂ ನಾನೇ ಮನೆಯಲ್ಲಿ ಪಾಠ ಹೇಳುತ್ತಿದ್ದೇನೆ. ಈ ಬೇಸಿಗೆ, ಪುಟ್ಟದೊಂದು ವ್ಯಾಪಾರ ಮಾಡಿ ಕಲಿಯಿರಿ ಎಂದೆ. ಹೇಮಾವತಿಯ ಹಿನ್ನೀರು ಇಳಿದು ಶೆಟ್ಟಿಹಳ್ಳಿಯ ಪಾಳು ಇಗರ್ಜಿ ಮೇಲೆದ್ದಿತ್ತು. ನೋಡಲು ಬರುವವರಿಗೆ ಮಜ್ಜಿಗೆ ಮಾರಲು ಇಬ್ಬರೂ ದಾರಿಬದಿ ಕುಳಿತರು. ಮೊದಲ ಭಾನುವಾರ ಮಜ್ಜಿಗೆಯನ್ನು ಯಾರೂ ಕೇಳಲಿಲ್ಲ. ಮೀನಖಂಡದವರೆಗೆ ಕೆಸರು ಮೆತ್ತಿಕೊಂಡು ಬಂದವರೆಲ್ಲ ಕೇಳಿದ್ದು ಕಾಲು ತೊಳೆಯಲು ನೀರು. ಜನಕ್ಕೆ ಬೇಕಾದದ್ದನ್ನು ಮಾರಬೇಕೆಂದು ಹೇಳಿಕೊಟ್ಟವಳು ನಾನೇ ತಾನೆ? “ಅಮ್ಮ, ನೀರ್ನೇ ಮಾರಣ” ಎಂದಳು ಭೂಮಿ. ಎಷ್ಟೋ ಕಾಲದ ಮೇಲೆ ಕೇಳಿದ ಆ ಗಟ್ಟಿ ದನಿಗೇ ಸೋತು ಹೂಂಗುಟ್ಟಿದೆ.

ಮನೆಯಲ್ಲಿ ನೀರು ತುಂಬಲು ಹೊರಟಾಗ ನನ್ನ ಅತ್ತೆ ಬಿಂದಿಗೆಗೆ ಕೈ ಅಡ್ಡ ಇಟ್ಟರು. “ಕಾಲ್ಗೆ ನೀರ್ ಕೊಟ್ಟು ಕಾಸ್ ಈಸ್ಕಳಾದಾ? ನಾಳೆ ನೆಂಟ್ರು ಬಂದ್ರೆ ಅವರ್ಗೂ ಟಿಕೀಟ್ ಅರ್ದು ಕೊಡ್ತೀಯೇನವ್ವ?”

ತಮ್ಮ ಕಿಸಕ್ಕನೆ ನಕ್ಕ. ಭೂಮಿಯ ತುಟಿ ಮುಚ್ಚಿಕೊಂಡಿತು. ಆ ಮುಚ್ಚಿದ ತುಟಿಯನ್ನು ನಾನು ಚೆನ್ನಾಗಿ ಬಲ್ಲೆ. ಅತ್ತೆಯ ಮಾತನ್ನು ತಳ್ಳಿಹಾಕುವಂತಿರಲಿಲ್ಲ, ಮಗಳ ಲೆಕ್ಕವೂ ಸರಿಯಾಗಿಯೇ ಇತ್ತು. ತೀರ್ಮಾನವನ್ನು ಅವಳಿಗೇ ಬಿಟ್ಟೆ.

ಮುಂದಿನ ಭಾನುವಾರ ಭೂಮಿ ನಮ್ಮ ಕೈಲಿ ಮಜ್ಜಿಗೆಯ ಜೊತೆ ನೀರನ್ನೂ ಹೊರಿಸಿದಳು. ಏನು ಮಾಡುತ್ತಾಳೋ ನೋಡೋಣವೆಂದು ಅತ್ತೆಯೂ ಹಿಂದೆಯೇ ಬಂದರು. ಕೆಸರಿನಲ್ಲಿ ಜಾರಿಬಿದ್ದು ನಡುಗುತ್ತ ಬಂದ ವಯಸ್ಸಾದ ಹೆಂಗಸೊಬ್ಬರ ಕಾಲಿಗೆ ಭೂಮಿ ನಿಧಾನವಾಗಿ ನೀರು ಸುರಿದಳು. ಅವರು ಪರ್ಸು ತೆಗೆದು, ಎಷ್ಟಾಯಿತು ಮಗು ಎಂದರು. ಭೂಮಿ ನನ್ನತ್ತ ನೋಡಿದಳು. ನಾನೇ ಹೇಳಿಬಿಡಲು ಬಾಯಿ ತೆರೆದೆ, ಹೇಗೋ ತಡೆದುಕೊಂಡೆ.

“ನೀರ್ಗೆ ಕಾಸ್ ಬ್ಯಾಡ ಅಜ್ಜಿ” ಎಂದಳು. “ಕೂತ್ಕಂಡು ಸುಧಾರಿಸ್ಕಳಿ. ಮಜ್ಜಿಗೆ ಐತೆ. ಬೇಕಂದ್ರೆ ಕುಡೀರಿ, ಅದ್ಕೆ ಕಾಸು.”

ಅಪರಿಚಿತರೆದುರು ಅವಳು ಅಷ್ಟು ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೆಲೆ ಕಟ್ಟುವುದನ್ನು ನಾನು ಕಲಿಸಿದ್ದೆ, ಕಟ್ಟಬಾರದ್ದನ್ನು ಅತ್ತೆ ಕಲಿಸಿದ್ದರು. ಎರಡಕ್ಕೂ ಜಾಗವಿರುವ ಅಂಗಡಿಯನ್ನು ಅವಳೇ ತೆರೆದಿದ್ದಳು. ಬಿಂದಿಗೆಗೆ ಅಡ್ಡ ಬಂದ ಆ ಕೈಗೂ ನಾನು ಋಣಿ ಎಂದು ಆಗ ಅನ್ನಿಸಿತು.

ಆ ಹೆಂಗಸು ಮಜ್ಜಿಗೆ ಕುಡಿಯಲಿಲ್ಲ. ಒಳ್ಳೆಯದಾಗಲಿ ಎಂದು ಹರಸಿ ಹೋದರು. ಅತ್ತೆ ಬರಿದಾದ ಬಿಂದಿಗೆಯನ್ನು ಸೊಂಟಕ್ಕೇರಿಸಿದರು. “ಇನ್ನೂ ಜನ ಬತ್ತಾವ್ರೆ. ನೀರ್ ನಾ ತತ್ತೀನಿ, ನೀನು ಕೂಗ್ತಿರು ಕಣವ್ವ.”

ಭೂಮಿ ಕೂಗಿದಳು.