ಹಿಂದಕ್ಕೆ ಮುಖಮಾಡಿ ಕೂತವರು

ರೊಟ್ಟಿ ಮುರಿಯುವಾಗ ನನ್ನ ಅಂಗೈಯ ಜಡ್ಡು ಅದರ ಅಂಚಿಗೆ ತಾಗಿ ಸಣ್ಣಗೆ ಕರಕ್ ಎನ್ನುತ್ತದೆ. ಗದಗಿನ ಕೋರ್ಟಿನಲ್ಲಿ ಕಾಗದ ತಿರುವುವುದಷ್ಟೇ ನನ್ನ ದುಡಿಮೆಯೆಂದು ನಂಬಿದ ನೆಂಟರು ಈ ಕೈ ಕಂಡು ಹುಬ್ಬೇರಿಸುತ್ತಾರೆ. ಅವ್ವನಿಗೆ ಆ ಸಂಕೋಚವೂ ಇಲ್ಲ. "ವಕೀಲಿ ಕೈ ಅಂದ್ರ ಯಾರ ನಂಬ್ತಾರ? ಕಡ್ಲಿ ಕಿತ್ತ ಕೈ ಇದ್ದಂಗ ಅದಾವ."

ಕಡಲೆ ಕಿತ್ತದ್ದಲ್ಲ, ಮಿತ್ರರೇ, ಹುಟ್ಟು ಎಳೆದದ್ದು. ನಿಮ್ಮ ಆಕ್ಷೇಪಣೆಯನ್ನು ನಾನೇ ಮಂಡಿಸಿಬಿಡುತ್ತೇನೆ: ನಲ್ಲಿ ಬಂತೆಂದರೆ ಓಣಿಗೆ ಓಣಿಯೇ ಕೊಡ ಹಿಡಿದು ಓಡುವ ಸೀಮೆಯವರಿಗೆ ದೋಣಿಯ ಸಂಘವೇ? ಆಕ್ಷೇಪಣೆ ಮಾನ್ಯ. ಆದರೆ ಮುಂಡರಗಿಯ ಅಂಚಿನಲ್ಲಿ ತುಂಗಭದ್ರೆ ಇದ್ದಾಳೆ, ಅವಳಿಗೆ ಅಡ್ಡ ಕಟ್ಟಿದ ಕಡೆ ಹಿನ್ನೀರು ಕನ್ನಡಿಯಂತೆ ನಿಂತಿದೆ. ಮುಂಡರಗಿಯ ಕಾಳಿನ ವ್ಯಾಪಾರಿ ಚನ್ನವೀರಪ್ಪನವರಿಗೆ ಅಷ್ಟೇ ಸಾಕಾಯಿತು. ಯಾವುದೋ ದೊಡ್ಡ ಊರಿನವರು ಮೂಲೆಗೆಸೆದಿದ್ದ ನಾಲ್ಕು ಹುಟ್ಟಿನ ಪಂದ್ಯದ ದೋಣಿಯೊಂದನ್ನು ಅವರು ಮೆಣಸಿನಕಾಯಿ ಲಾರಿಯ ಮೇಲೆ, ಅರ್ಧ ಹೊರಕ್ಕೆ ಚಾಚಿಸಿಕೊಂಡು ತಂದರು. ಶಿರಹಟ್ಟಿ, ಬೆಳ್ಳಟ್ಟಿ, ಲಕ್ಷ್ಮೇಶ್ವರದಿಂದ ಈಜು ಬಾರದ ಉತ್ಸಾಹಿಗಳು ಬಂದು ಸೇರಿದರು. ನೀರು ಬಲ್ಲವರು ಹನಮಂತಪ್ಪ ಕಾಕಾ ಒಬ್ಬರೇ. ಸೇತುವೆಯಾಗುವವರೆಗೆ ಹರಿಗೋಲಿನಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದವರು. ಚುಕ್ಕಾಣಿ ಅವರ ಕೈಗೆ ಹೋಯಿತು.

ಈ ಆಟದ ವಿಚಿತ್ರ ಕೇಳಿ. ಎಳೆಯುವ ನಾಲ್ವರೂ ಹಿಂದಕ್ಕೆ ಮುಖಮಾಡಿ ಕೂರಬೇಕು. ಮುಂದೆ ನೋಡುವವನು ಚುಕ್ಕಾಣಿಯವನೊಬ್ಬನೇ. ಹೀಗಾಗಿ ನಮಗೆ ಕಾಣುವುದು ನಾವು ಹಿಂದೆ ಹಾಕಿದ ದೋಣಿಗಳಷ್ಟೇ. ನಮ್ಮ ಸಂಘ ಹೋದ ಪಂದ್ಯಗಳಲ್ಲೆಲ್ಲ ಕಡೆಯದಾಗಿಯೇ ಬಂದದ್ದರಿಂದ ನಾವು ಬರೀ ನೀರು ನೋಡಿದ್ದೆವು. ಸಂಘದ ಚರಿತ್ರೆ ಬರೆದುಕೊಡೆಂದು ಚನ್ನವೀರಪ್ಪನವರು ನನಗೆ ಒಪ್ಪಿಸಿದಾಗ, 'ಸಾಧನೆಗಳು' ಎಂಬ ತಲೆಬರಹದ ಕೆಳಗೆ ನನ್ನ ಪೆನ್ನು ಅಲ್ಲಾಡಲಿಲ್ಲ.

ಸೋಲಿಗೆ ಕಾರಣ ಗುಟ್ಟೇನಲ್ಲ. ಹೊಸ ನೀರಿಗೆ ಮೊದಲ ಸಲ ಇಳಿದವರು ನಡುನೀರಿನಲ್ಲಿ ಹುಟ್ಟು ಎತ್ತಿ, ಬೊಗಸೆ ನೀರನ್ನು ಹಣೆಗೆ ಹಚ್ಚಿಕೊಂಡು ಕೈಮುಗಿಯಬೇಕೆಂಬುದು ಹರಿಗೋಲಿನವರ ಪದ್ಧತಿ. ಪಂದ್ಯವೋ ಪ್ರತಿ ವರ್ಷ ಬೇರೆ ಊರಿನ ಕೆರೆಯಲ್ಲಿ. ನಾವು ಬೆಳಗಿನ ಬಸ್ಸಿಳಿದು, ಅಲ್ಲಿಯವರು ಕೊಟ್ಟ ದೋಣಿ ಹತ್ತಿ, ನೇರ ಪಂದ್ಯಕ್ಕೇ ನಿಲ್ಲುವವರು. ಅರ್ಧ ದಾರಿಯಲ್ಲಿ ಕಾಕಾ "ಎತ್ರಿ" ಎನ್ನುತ್ತಿದ್ದರು. ಎತ್ತುತ್ತಿದ್ದೆವು. ಉಳಿದವರು ಗೆಲ್ಲುತ್ತಿದ್ದರು.

ಸಭೆಯಲ್ಲಿ ನಾನು ಈ ಪದ್ಧತಿಯ ವಿರುದ್ಧ ಎದ್ದು ನಿಂತೆ. ಇದರ ಹಿಂದೆ ಏನಾದರೂ ವಿಜ್ಞಾನ ಇದ್ದೀತು ಎಂದು ಚನ್ನವೀರಪ್ಪನವರು ತೇಪೆ ಹಚ್ಚಲು ಬಂದರು. ಇದ್ದರೆ ತೋರಿಸಿ ಎಂದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಕಲಿತ ಪಟ್ಟುಗಳಲ್ಲಿ ಒಂದನ್ನೂ ಬಾಕಿ ಉಳಿಸಲಿಲ್ಲ. ಕೈಗಳು ನನ್ನ ಪರವಾಗಿ ಎದ್ದವು.

"ಆತು. ಇನ್ನ ಹುಟ್ಟು ಎತ್ತೂದು ಬ್ಯಾಡ," ಎಂದು ಕಾಕಾ ಹೆಗಲ ಮೇಲಿನ ಟವೆಲ್ ಕೊಡವಿದರು. "ನಾನೂ ಕುಂಡ್ರೂದು ಬ್ಯಾಡ."

ಮುಂದಿನ ಅಭ್ಯಾಸದಲ್ಲಿ ಚನ್ನವೀರಪ್ಪನವರು ಚುಕ್ಕಾಣಿ ಹಿಡಿದರು. ದೋಣಿ ನದಿಯ ಅಗಲವನ್ನೆಲ್ಲ ಅಳೆದು ಬಂತು. ವಾದ ಗೆದ್ದು ಮನುಷ್ಯನನ್ನು ಕಳೆದುಕೊಂಡವಳ ಸಂಕಟ ಆಗ ತಿಳಿಯಿತು. ಸೇತುವೆ ಒಮ್ಮೆ ಕಾಕಾರನ್ನು ನೀರಿನಿಂದ ಎಬ್ಬಿಸಿತ್ತು. ಈಗ ನಾನು ಎಬ್ಬಿಸಿದ್ದೆ. ಪಂದ್ಯಕ್ಕೆ ವಾರವಿರುವಾಗ ಅವರ ಮನೆಗೆ ಹೋದೆ. ಅಂಗಳದಲ್ಲಿ ಬಿದಿರು ಸೀಳುತ್ತ ಕೂತಿದ್ದರು.

"ಬಾ ಯವ್ವಾ ವಕೀಲಮ್ಮ. ಇನ್ನೂ ಏನರ ವಾದ ಉಳದೈತೇನ?"

"ಒಂದ ಉಳದೈತ್ರಿ ಕಾಕಾ. ಕೈ ಮುಗಿಯೂದು ನಡುನೀರಾಗ ಅಂತ ಐತಿ, ನಡು ಪಂದ್ಯದಾಗ ಅಂತ ಐತೇನ್ರಿ? ಹಿಂದಿನ ದಿನಾನ ಹೋಗಿ ಮುಗದ ಬಿಡೂಣು."

ಅವರು ಬಿದಿರು ಬದಿಗಿಟ್ಟು ನನ್ನನ್ನು ದಿಟ್ಟಿಸಿದರು. "ಸಭಾದಾಗ ಇದನ್ನ ಯಾಕ ಹೇಳಲಿಲ್ಲ?"

"ಗೆಲ್ಲೂದ್ರಾಗ ಇದ್ದೆರಿ."

"ಖರೆ ಹೇಳಿದಿ," ಎಂದು ನಕ್ಕರು. "ಹೋಗ, ಹಿಂದಿನ ದಿನದ ಬಸ್ಸಿಗೆ ಬರತೀನಿ."

ಪಂದ್ಯದ ಹಿಂದಿನ ಸಂಜೆ ಆ ಪರವೂರ ಕೆರೆಯ ನಡುವೆ ಹುಟ್ಟು ಎತ್ತಿದೆವು. ನನಗೆ ಯಾವ ದೇವರೂ ಕಾಣಲಿಲ್ಲ, ವಿಜ್ಞಾನವೂ ಕಾಣಲಿಲ್ಲ. ಗುರುತಿಲ್ಲದವರ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುವಂಥ ಒಂದು ಮರ್ಯಾದೆ ಕಂಡಿತು. ಅದನ್ನು ಖಂಡಿಸಲು ನನ್ನಲ್ಲಿ ಅಂಶಗಳಿರಲಿಲ್ಲ.

ಮರುದಿನ ಅರ್ಧ ದಾರಿ ದಾಟಿದರೂ ಕಾಕಾ "ಎಳೀರಿ" ಎನ್ನುತ್ತಲೇ ಇದ್ದರು. ಆಗ ಅವರ ಹೆಗಲಾಚೆ, ಎಂದೂ ಬರೀ ನೀರಿರುತ್ತಿದ್ದ ಕಡೆ, ಒಂದು ದೋಣಿಯ ಮೂತಿ ಕಂಡಿತು. ಮುಳುಗಿದವರನ್ನು ಎತ್ತುವ ಕಾವಲು ದೋಣಿಯೆಂದೇ ನನ್ನ ಸಂಶಯ.

"ಕಾಕಾ, ಅದು ನಮ್ಮ ಪಂದ್ಯದ್ದ ಹೌದೇನ್ರಿ?"

"ಸುಮ್ಮ ಎಳಿ ಯವ್ವಾ. ಕೋರ್ಟು ನಾಳೆ."

ಐದು ದೋಣಿಗಳಲ್ಲಿ ನಾವು ನಾಲ್ಕನೆಯವರು. ಗುರಿ ದಾಟಿದ ಮೇಲೆ ಕಾಕಾ ಕೂತಲ್ಲೇ ತಿರುಗಿ, ಹಿಂದೆ ಬರುತ್ತಿದ್ದ ದೋಣಿಯನ್ನು ಬಹಳ ಹೊತ್ತು ನೋಡಿದರು. ಮುಂದೆ ಹೋದವರೆಲ್ಲ ಇಷ್ಟು ವರ್ಷ ಕಾಕಾರ ಕಡೆಗೇ ಮುಖಮಾಡಿ ಗೆದ್ದಿದ್ದರೆಂಬುದು ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ.

"ಎಲ್ಲಾರ ಮಾರಿ ನೋಡಿದ್ದೆ," ಎಂದರು ಮೆಲ್ಲಗೆ. "ಬೆನ್ನ ನೋಡಿರಲಿಲ್ಲ."

ನಾವೂ ನೋಡುತ್ತಲೇ ಇದ್ದೆವು, ಐದು ಜನವೂ ಒಂದೇ ದಿಕ್ಕಿಗೆ. ಮುಂದೆ ನೋಡುವವರು ಯಾರೂ ಇರಲಿಲ್ಲವಾಗಿ ದೋಣಿ ತನ್ನ ಪಾಡಿಗೆ ಹೋಗಿ ದಡದ ಜೊಂಡಿನಲ್ಲಿ ಮೂತಿ ತೂರಿಸಿ ನಿಂತಿತು.